ಸಂಸದರೇ, ನಮಗೊಂದು ಮಾತಿನ ರೇಡಿಯೋ ಬೇಕು

ಉತ್ತರ ಕನ್ನಡದ ಲೋಕಸಭಾ ಸದಸ್ಯರಾದ ವಿಶ್ವೇಶ್ವರ ಹೆಗಡೆ ಕಾಗೇರಿ ಅವರಿಗೆ,

ನಮಸ್ಕಾರ. ಮೊದಲು ಅಂಕೋಲಾ, ಆಮೇಲೆ ಶಿರಸಿ ಕ್ಷೇತ್ರದಿಂದ ಶಾಸಕರಾಗಿದ್ದವರು ನೀವು. ಘಟ್ಟದ ಮೇಲಿನವರ ಕಷ್ಟವೂ ಗೊತ್ತು, ಕೆಳಗಿನವರದ್ದೂ ಗೊತ್ತು. ಆ ಧೈರ್ಯದ ಮೇಲೆ ಒಂದು ಬೇಡಿಕೆ ಇಡುತ್ತಿದ್ದೇನೆ. ಆಕಾಶವಾಣಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಮಾತಿಗೇ ಮೀಸಲಾದ ಒಂದು ಕನ್ನಡ ವಾಹಿನಿ ಬೇಕು. ಅದರಲ್ಲಿ ದಿನಕ್ಕೆ ಕೆಲವು ತಾಸು ಕಾರವಾರದಿಂದಲೇ ಬರಬೇಕು.

ಹಾಡಿಗೆ ಈಗ ಬರ ಇಲ್ಲ, ಎಲ್ಲರ ಜೇಬಿನಲ್ಲೂ ಇದೆ. ನಮ್ಮ ಬದುಕಿನ ಬಗ್ಗೆ, ನಮ್ಮ ಭಾಷೆಯಲ್ಲಿ, ತಿಳಿದವರು ಆಡುವ ಮಾತು ಎಲ್ಲಿದೆ? ಕೊಯ್ಲು ಶುರುವಾದರೆ ನಮ್ಮ ಕಡೆ ರಾತ್ರಿಯಿಡೀ ಅಡಿಕೆ ಸುಲಿಯುವ ಕೆಲಸ. ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತಿರುತ್ತಾರೆ. ಕೈಗೆ ಬಿಡುವಿಲ್ಲ, ಕಣ್ಣು ಕತ್ತಿಯ ಮೇಲೆ. ಕಿವಿ ಮಾತ್ರ ಖಾಲಿ. ಟಿವಿ ನೋಡುತ್ತಾ ಸುಲಿದರೆ ಬೆರಳು ಉಳಿಯುವುದಿಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇದ್ದಾಗ ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಸರಿಮಾಡುತ್ತಾ ಕೂರುವವರದ್ದೂ ಇದೇ ಕಥೆ. ಇಷ್ಟೊಂದು ಕಿವಿಗಳು ಸುಮ್ನೆ ಕೂತಿವೆಯಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತದೆ.

ಮಾತನ್ನೇ ನಂಬಿ ದಿನವಿಡೀ ರೇಡಿಯೋ ನಡೆಸಲು ಸಾಧ್ಯವಾ ಅಂತ ದೆಹಲಿಯಲ್ಲಿ ಕೇಳಿದರೆ ಬ್ರಿಟನ್ನಿನ ಬಿಬಿಸಿ ರೇಡಿಯೋ 4 ತೋರಿಸಿ. 1967ರಲ್ಲಿ ಶುರುವಾದ ವಾಹಿನಿ ಅದು. ಬೆಳಗಿನ ಜಾವ ಸಮುದ್ರದ ಹವಾಮಾನ, ಆಮೇಲೆ ಕೃಷಿ, ಆರು ಗಂಟೆಯಿಂದ ಮೂರು ತಾಸು ಸುದ್ದಿ. ಮಂತ್ರಿಗಳನ್ನು ಕೂರಿಸಿಕೊಂಡು ನೇರವಾಗಿ ಪ್ರಶ್ನೆ ಕೇಳುವುದು ಅಲ್ಲೇ. ಮುಂದೆ ಹೆಂಗಸರ ಕಾರ್ಯಕ್ರಮ, ನಾಟಕ, ಪುಸ್ತಕ ಓದು. ಇತಿಹಾಸವನ್ನೋ ವಿಜ್ಞಾನವನ್ನೋ ಹಿಡಿದು ಮೂವರು ಪ್ರಾಧ್ಯಾಪಕರು ಮಾತಾಡುವ ಕಾರ್ಯಕ್ರಮ 1998ರಿಂದ ಬರುತ್ತಿದೆ. ಅದನ್ನು ಕೇಳುವವರು ಬರೀ ಪ್ರಾಧ್ಯಾಪಕರಲ್ಲ. 'ದಿ ಆರ್ಚರ್ಸ್' ಅನ್ನುವ ಹಳ್ಳಿ ಧಾರಾವಾಹಿ 1951ರಿಂದ ದೇಶಕ್ಕೆಲ್ಲ ಕೇಳಿಸುತ್ತಿದೆ. ಯುದ್ಧದ ನಂತರ ಆಹಾರಕ್ಕೆ ಕಷ್ಟವಿದ್ದ ಕಾಲದಲ್ಲಿ ರೈತರಿಗೆ ಬೇಸಾಯದ ಸಲಹೆ ಮುಟ್ಟಿಸಲು ಹುಟ್ಟಿದ್ದು ಅದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕು ಅನ್ನುವುದನ್ನು ಒಂದು ಮನೆಯ ಕಥೆಯೊಳಗೆ ಸೇರಿಸಿ ಹೇಳಿದರೆ ಶಿರಸಿ, ಸಿದ್ದಾಪುರದಲ್ಲಿ ಕೇಳದವರು ಯಾರು?

ಆ ಸಮುದ್ರದ ಹವಾಮಾನದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಬ್ರಿಟನ್ನಿನ ಸುತ್ತಲಿನ ಕಡಲನ್ನು 31 ಭಾಗ ಮಾಡಿದ್ದಾರೆ. ದಿನವೂ ಅದೇ ಕ್ರಮದಲ್ಲಿ ಒಂದೊಂದರ ಹೆಸರು ಹೇಳಿ ಗಾಳಿ, ಅಲೆ, ಮಳೆ, ಎಷ್ಟು ದೂರ ಕಣ್ಣಿಗೆ ಕಾಣುತ್ತದೆ ಅನ್ನುವುದನ್ನು ಓದುತ್ತಾರೆ. ದೋಣಿಯಲ್ಲಿರುವವನು ತನ್ನ ಜಾಗದ ಹೆಸರು ಬರುವವರೆಗೆ ಕಾಯುತ್ತಾನೆ, ಕೇಳುತ್ತಾನೆ, ಮುಗಿಯಿತು. ನಮ್ಮಲ್ಲೂ ಹಾಗೇ ಓದಲಿ: ಬೈತಖೋಲ, ಬೇಲೇಕೇರಿ, ತದಡಿ, ಹೊನ್ನಾವರ, ಭಟ್ಕಳ. ಕನ್ನಡದಲ್ಲಿ ಒಮ್ಮೆ, ಕೊಂಕಣಿಯಲ್ಲಿ ಒಮ್ಮೆ. ಅದರ ಬೆನ್ನಿಗೇ ಅರಬೈಲ್, ದೇವಿಮನೆ ಘಾಟಿಯಲ್ಲಿ ರಸ್ತೆ ಹೇಗಿದೆ, ಕದ್ರಾ ಅಣೆಕಟ್ಟಿನಿಂದ ನೀರು ಬಿಡುತ್ತಾರಾ ಅನ್ನುವುದೂ ಬರಲಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ಹೊಳೆಯ ನೀರು ಆಚೆ ದಡದ ಉಳುವರೆ ಹಳ್ಳಿಗೂ ನುಗ್ಗಿತು. ಅಂಥ ದಿನ ಮೊಬೈಲಿಗೆ ಬಂದ ಹತ್ತು ಮಾತಿನಲ್ಲಿ ನಿಜ ಯಾವುದು ಅಂತ ಜನ ಯಾರನ್ನು ಕೇಳಬೇಕು?

ಆಪಿನಲ್ಲಿ ಆಕಾಶವಾಣಿ ಬರುತ್ತಲ್ಲ ಅನ್ನಬಹುದು. ಮಳೆಗಾಲದಲ್ಲಿ ಕರೆಂಟು ಹೋದರೆ ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಆ ಆಪು. ಎರಡು ಸೆಲ್ ಹಾಕಿದ ರೇಡಿಯೋಕ್ಕೆ ಆ ತೊಂದರೆ ಇಲ್ಲ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಆಚೆಗೆ ಸರಿಯಾಗಿ ದಾಟುವುದಿಲ್ಲ. ಸಹ್ಯಾದ್ರಿಯೇ ಅಡ್ಡ ನಿಂತ ಜಿಲ್ಲೆಗೆ ಒಂದು ಟವರ್ ಸಾಲದು. ಘಟ್ಟದ ಮೇಲೂ ಮರುಪ್ರಸಾರದ ವ್ಯವಸ್ಥೆ ಬೇಕು.

ಮಾತಾಡುವವರನ್ನು ಎಲ್ಲಿಂದ ತರೋಣ ಅನ್ನುವ ಚಿಂತೆ ಈ ಜಿಲ್ಲೆಗೆ ಬೇಡವೇ ಬೇಡ. ತಾಳಮದ್ದಳೆಯ ಊರು ಇದು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಮಾತು ಕಟ್ಟುತ್ತಾನೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಅಂತ ಬಿದ್ದ ವಾಲಿ ರಾಮನನ್ನು ಕೇಳುವಾಗ ಸಭೆಯಲ್ಲಿ ಒಬ್ಬರೂ ಅಲುಗಾಡುವುದಿಲ್ಲ. ರೇಡಿಯೋಕ್ಕೆ ಇದಕ್ಕಿಂತ ಒಳ್ಳೆಯ ಕಲೆ ಇನ್ನೊಂದಿದೆಯಾ? ವಾರಕ್ಕೊಂದು ಪೂರ್ತಿ ಪ್ರಸಂಗ ಬರಲಿ, ಕತ್ತರಿಸದೆ.

ಇದು ತಡ ಮಾಡುವ ಕೆಲಸವೂ ಅಲ್ಲ. 2024ರ ಡಿಸೆಂಬರಿನಲ್ಲಿ ತುಳಸಿ ಗೌಡರು ಹೋದರು. ಎರಡು ತಿಂಗಳಿಗೆ ಸುಕ್ರಿ ಬೊಮ್ಮಗೌಡರೂ ಹೋದರು. ಇಬ್ಬರೂ ಅಂಕೋಲಾ ತಾಲೂಕಿನ ಹಾಲಕ್ಕಿಗಳು, ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ಒಬ್ಬರಿಗೆ ಕಾಡಿನ ಗಿಡ, ಬೀಜ ಎಲ್ಲ ಗೊತ್ತು. ಇನ್ನೊಬ್ಬರ ನಾಲಿಗೆಯ ಮೇಲೆ ಹಾಡುಗಳ ರಾಶಿಯೇ ಇತ್ತು. ಅಂಥವರು ಹಾಲಕ್ಕಿ ಕೊಪ್ಪಗಳಲ್ಲಿ, ಯಲ್ಲಾಪುರದ ಸಿದ್ದಿಗಳಲ್ಲಿ, ಭಟ್ಕಳದ ನವಾಯತರಲ್ಲಿ ಇನ್ನೂ ಇದ್ದಾರೆ. ಅವರ ಜಗುಲಿಗೇ ಹೋಗಿ ತಾಸುಗಟ್ಟಲೆ ಕೂತು ಮಾತು ಹಿಡಿದಿಡುವ ಜನ ಕಾರವಾರದ ಆಕಾಶವಾಣಿ ನಿಲಯಕ್ಕೆ ಬೇಕು.

ಆಕಾಶವಾಣಿಗೆ ಹಿಂದೆ ರಾಷ್ಟ್ರೀಯ ವಾಹಿನಿ ಅಂತ ಒಂದಿತ್ತು. 1988ರಲ್ಲಿ ನಾಗಪುರದಿಂದ ರಾತ್ರಿ ಪ್ರಸಾರ ಶುರುಮಾಡಿ 2019ರಲ್ಲಿ ನಿಲ್ಲಿಸಿದರು. ಖರ್ಚು ಜಾಸ್ತಿ ಅನ್ನುವ ಮಾತು ಈಗಲೂ ಬಂದೇ ಬರುತ್ತದೆ. ಆದರೆ ಜಾಹೀರಾತು ಬರಲಿ ಬಾರದಿರಲಿ, ಜನರಿಗೆ ಬೇಕಾದ್ದನ್ನು ಕೊಡಲಿ ಅಂತಲೇ ಅಲ್ವಾ ಆಕಾಶವಾಣಿ ನಡೆಸುವ ಪ್ರಸಾರ ಭಾರತಿಗೆ ಸರ್ಕಾರ ಹಣ ಕೊಡುವುದು?

ಮುಂದಿನ ಅಧಿವೇಶನದಲ್ಲಿ ಮಾಹಿತಿ ಮತ್ತು ಪ್ರಸಾರ ಸಚಿವರಿಗೆ ಒಂದು ಲಿಖಿತ ಪ್ರಶ್ನೆ ಹಾಕಿ. ಕಾರವಾರ ನಿಲಯದಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ದಿನಕ್ಕೆ ಎಷ್ಟು ತಾಸು ಅಲ್ಲೇ ತಯಾರಾದ ಮಾತಿನ ಕಾರ್ಯಕ್ರಮ ಬರುತ್ತದೆ, ಘಟ್ಟದ ಮೇಲೆ ಮರುಪ್ರಸಾರಕ್ಕೆ ಯೋಜನೆ ಇದೆಯಾ ಅಂತ ಕೇಳಿ. ಉತ್ತರ ಬಂದ ಮೇಲೆ ಅದನ್ನು ಕಾರವಾರದ ಸ್ಟುಡಿಯೋದಲ್ಲಿ ಕೂತು ನೀವೇ ಓದಿ ಹೇಳಿ. ಕೇಳುಗರ ಫೋನ್ ಕರೆಗಳನ್ನೂ ಅವತ್ತೇ ತೆಗೆದುಕೊಳ್ಳಿ.

ಇಂತಿ,
ಕುಮಟಾ ತಾಲೂಕಿನ ಒಬ್ಬ ಕೇಳುಗ