ಆ ಆರು ತಿಂಗಳನ್ನು ಮನ್ನಾ ಮಾಡಿಸಬೇಡ

ಪುಟ್ಟು, ಆಶೀರ್ವಾದಗಳು.

ನಿನ್ನಮ್ಮ ಫೋನ್ ಮಾಡಿದ್ದಳು. ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೀರಂತೆ. ಆರು ತಿಂಗಳು ಕಾಯೋದು ಯಾಕೆ, ಅದನ್ನೂ ಮನ್ನಾ ಮಾಡಿಸೋಣ ಅಂತ ವಕೀಲರು ಇನ್ನೊಂದು ಅರ್ಜಿ ಬರೀತಿದ್ದಾರಂತೆ. ಆ ಎರಡನೇ ಅರ್ಜಿ ಬೇಡ ಅಂತ ಹೇಳೋಕೆ ಈ ಕಾಗದ. ಬೇರೆಯಾಗುವುದು, ಬಿಡುವುದು ನಿಮ್ಮಿಬ್ಬರಿಗೆ ಬಿಟ್ಟದ್ದು.

ಕೌಟುಂಬಿಕ ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿದ್ದವನು ನಾನು, ಗೊತ್ತಲ್ವಾ. ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಒಪ್ಪಿ ಬೇರೆಯಾಗುವ 13ಬಿ ಕಲಂ ಅದಕ್ಕೆ ಸೇರಿದ್ದು 1976ರಲ್ಲಿ. ಒಂದು ವರ್ಷ ಬೇರೆ ಇದ್ದ ಮೇಲೆ ಅರ್ಜಿ. ಆಮೇಲೆ 6 ತಿಂಗಳು ಕಳೆದು, 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಹೌದು ಅನ್ನಬೇಕು. ರಾಜಿಗೆ ದಾರಿಯೇ ಇಲ್ಲದಿದ್ದರೆ ಆ ಆರು ತಿಂಗಳನ್ನು ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಳ್ಳೇದೇ ಆಯ್ತು. ಹೊಡೆತ ತಿಂದು ಬಂದವಳನ್ನು ಇನ್ನೂ ಕಾಯಿಸಿ ಏನು ಮಾಡೋದು? ಆದರೆ ನಿಮ್ಮದು ಅಂಥದ್ದಲ್ಲ. ನಿಮ್ಮಲ್ಲಿ ಜೋರು ಜಗಳವೂ ಆಗಿಲ್ಲ. "ನಮ್ಮ ನಡುವೆ ಪ್ರೀತಿ ಅನ್ನೋದೇ ಇರಲಿಲ್ಲ ದೊಡ್ಡಪ್ಪ" ಅಂದೆ, ಅಷ್ಟೇ.

ಇದೇ ಮಾತು ಹೇಳಿ ವಿಚ್ಛೇದನದ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ತಗೊಂಡು ಹೋದ ಮೇಷ್ಟ್ರೊಬ್ಬರು ಮತ್ತೆ ನನ್ನ ಮೇಜಿನ ಮುಂದೆ ಬಂದು ನಿಂತರು. "ಸಾರ್, ಇದನ್ನ ರದ್ದು ಮಾಡಿಸೋಕಾಗುತ್ತಾ?" ಕೈಯಲ್ಲೊಂದು ನೋಟ್‌ಬುಕ್ಕು. ಸಾಮಾನು ಒಪ್ಪಿಸುವ ದಿನ ಹೆಂಡತಿ ಬೀಗದ ಕೈ ಜೊತೆ ಕೊಟ್ಟದ್ದು. ಲೆಕ್ಕ ಒಪ್ಪಿಸ್ತಿದ್ದಾಳೆ ಅಂತ ಸಿಟ್ಟು ಬಂದು ಅಟ್ಟಕ್ಕೆ ಎಸೆದಿದ್ದರಂತೆ. ಎಲ್‌ಐಸಿ ಕಂತು ತಪ್ಪಿದಾಗ ಹುಡುಕಿ ತೆಗೆದರು. ಕಂತಿನ ತಾರೀಖು, ಗ್ಯಾಸಿನ ನಂಬರು, ಎಲ್ಲ ಇತ್ತು. ನಡುವಿನ ಒಂದು ಪುಟ ನನಗೂ ತೋರಿಸಿದರು: "ಬಿಪಿ ಮಾತ್ರೆ ಅಂದ್ರೆ ಅತ್ತೆ ಉಗೀತಾರೆ. ಮಂಡಿನೋವಿಂದು ಅನ್ನಿ, ನುಂಗ್ತಾರೆ." ಅದರ ಕೆಳಗೆ, "ಪೇಪರ್ ತಿದ್ದುವಾಗ ನಿಮಗೆ ತಲೆನೋವು ಬರುತ್ತೆ. ಕನ್ನಡಕದ ನಂಬರ್ ಬದಲಾಗಿರಬೇಕು, ತೋರಿಸಿ."

ಬಿಟ್ಟು ಹೋಗುತ್ತಿದ್ದವಳು ಬರೆದದ್ದು ಇದು!

ಡಿಕ್ರಿಗೆ ಮುಂಚೆ ಒಬ್ಬರು ಒಪ್ಪಿಗೆ ವಾಪಸ್ ತಗೊಂಡರೂ ಸಾಕು, 13ಬಿ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. 1991ರಲ್ಲೇ ಸುಪ್ರೀಂ ಕೋರ್ಟು ಹೇಳಿದ ಮಾತು. ಡಿಕ್ರಿ ಆದ ಮೇಲೆ ಅವಳನ್ನೇ ಮತ್ತೆ ಮದುವೆಯಾಗಬೇಕು. ಹಾಗಂದೆ. ಅವಳಿಗೆ ಆಗಲೇ ಇನ್ನೊಂದು ಮದುವೆ ಆಗಿತ್ತು. ಚೆನ್ನಾಗಿದ್ದಾಳೆ ಅಂತಲೂ ಅವರೇ ಹೇಳಿದರು. ಅವಳ ಪಾಲಿಗೆ ಅದೇ ಸರಿ ಅನ್ನಿಸಿತು ನನಗೆ, ಸುಳ್ಳು ಯಾಕೆ ಹೇಳಲಿ. ಹೊರಡುವಾಗ ಮೇಷ್ಟ್ರು ಅಂದದ್ದು ಮಾತ್ರ ಮರೆತಿಲ್ಲ: "ಅವಳ ಬಗ್ಗೆ ಹೀಗೆ ಬರಿ ಅಂದ್ರೆ ನನಗೆ ಅರ್ಧ ಪುಟಾನೂ ಆಗಲ್ಲ ಸಾರ್."

ಹೆಂಡತಿ ಮನೆ ನೋಡಿಕೊಂಡದ್ದೇ ಪ್ರೀತಿ ಅಂತ ತಿಳ್ಕೋಬೇಡ. ಸಂಬಳ ಕೊಟ್ಟರೆ ಆ ಕೆಲಸಕ್ಕೆ ಜನ ಸಿಗ್ತಾರೆ. ತಲೆನೋವು ಯಾವಾಗ ಬರುತ್ತೆ ಅಂತ ಗಮನಿಸೋಕೆ ಯಾರೂ ಸಿಗಲ್ಲ. ನೀನೂ ಒಂದು ಪುಟ ಬರೆದು ನೋಡು. ಅವಳಿಗೆ ಯಾವ ಮಾತ್ರೆ ಆಗಿಬರಲ್ಲ? ಆಫೀಸಿನಲ್ಲಿ ಯಾರ ಕಾಟ? ತವರಿಂದ ಫೋನ್ ಬಂದ ಮೇಲೆ ಯಾಕೆ ಸುಮ್ಮನಾಗ್ತಾಳೆ? ಪುಟ ತುಂಬದಿದ್ದರೆ ನೀನು ಅವಳನ್ನು ಗಮನಿಸಿಯೇ ಇಲ್ಲ ಅಂತಾಯ್ತು, ಪ್ರೀತಿ ಇರಲಿಲ್ಲ ಅನ್ನೋಕೆ ನಿನ್ನ ಹತ್ತಿರ ಸಾಕ್ಷಿಯೇ ಇಲ್ಲ ಮಾರಾಯ.

ನಿನಗೆ ಹೇಳಬೇಡಿ ಅಂದಿದ್ದಳು, ಆದರೂ ಹೇಳ್ತೀನಿ. ನಿನ್ನಮ್ಮನ ಕಣ್ಣಿನ ಆಪರೇಷನ್ ಆದ ದಿನ ನಿನ್ನ ಹೆಂಡತಿ ನನಗೆ ಫೋನ್ ಮಾಡಿ, ರಾತ್ರಿ ಡ್ರಾಪ್ಸ್ ಹಾಕೋಕೆ ಯಾರಿದ್ದಾರೆ ಅಂತ ಕೇಳಿದಳು. ಬೈದರೆ ಬೈಸ್ಕೊಳ್ತೀನಿ ಬಿಡು.

ಹಾಗಂತ ಓಡಿಹೋಗಿ ವಾಪಸ್ ಬಾ ಅಂತ ಗೋಗರೆಯಬೇಡ. ನಿನಗೆ ಈಗ ಅರ್ಥವಾಯ್ತು ಅಂತ ಅವಳು ಬರಲೇಬೇಕೇನು? ಅವಳಿಗೂ ಸಾಕಾಗಿರಬಹುದು. ಕೋರ್ಟು ಮಧ್ಯಸ್ಥಿಕೆಗೆ ಕಳಿಸಿದಾಗ ಎಷ್ಟೋ ಜನ ಆಸ್ತಿ, ಒಡವೆ ಮಾತಾಡಿ ಎದ್ದು ಬರುತ್ತಾರೆ. ಅದನ್ನು ವಕೀಲರಿಗೆ ಬಿಟ್ಟು, ನೀನು ಅವಳ ಮಾತು ಕೇಳಿಸ್ಕೊ. ಜಾಸ್ತಿ ಮಾತಾಡಬೇಡ. ಎಲ್ಲ ಕೇಳಿದ ಮೇಲೂ ಅವಳು ಬೇಡ ಅಂದರೆ, ಕೊಂಕು ಮಾತಾಡದೆ ಸಹಿ ಹಾಕು.

ಸೋಮವಾರವೇ ವಕೀಲರಿಗೆ ಫೋನ್ ಮಾಡಿ ಆ ಅರ್ಜಿ ಸದ್ಯಕ್ಕೆ ಬೇಡ ಅನ್ನು. ದೊಡ್ಡಮ್ಮ ನಿನ್ನನ್ನ ಕೇಳ್ತಿರ್ತಾಳೆ, ಪುರುಸೊತ್ತಾದಾಗ ಬಂದು ಹೋಗು.

ನಿನ್ನ ದೊಡ್ಡಪ್ಪ