962 ದಿನದ ದಾಖಲೆ, ಒಂಬತ್ತೂವರೆ ಗಂಟೆಯ ಕತ್ತಲು

ಮಾನ್ಯ ಸಂಪಾದಕರೇ,

ಕೈಗಾ ಅಣು ವಿದ್ಯುತ್ ಸ್ಥಾವರದ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ನಾನು ರಾತ್ರಿ ಮೊಬೈಲ್ ಬೆಳಕಿನಲ್ಲಿ ಓದಿದೆ. ನಮ್ಮ ಶಹಾಪುರದ ಓಣಿಯಲ್ಲಿ ಸಂಜೆ ಏಳಕ್ಕೆ ಹೋದ ಕರೆಂಟು ಬಂದದ್ದು ಬೆಳಗಿನ ನಾಲ್ಕೂವರೆಗೆ. ಅಷ್ಟರಲ್ಲಿ ಮೊಬೈಲೂ ಸತ್ತಿತ್ತು.

ಕೈಗಾದ ಒಂದನೇ ಘಟಕ 962 ದಿನ ಒಂದೇ ಸಮನೆ ಓಡಿ 2018ರಲ್ಲಿ ವಿಶ್ವದಾಖಲೆ ಮಾಡಿತ್ತಲ್ಲ, ಸಂತೋಷ. ಚಪ್ಪಾಳೆ ತಟ್ಟೋಣ. ಸೊಳ್ಳೆ ಹೊಡೆಯಲು ಹೇಗೂ ರಾತ್ರಿಯಿಡೀ ತಟ್ಟುತ್ತಲೇ ಇದ್ದೆವು. ಬೇವಿನ ಮರದ ಕೆಳಗಿರುವ ನಮ್ಮ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮಾತ್ರ 962 ನಿಮಿಷ ನೆಟ್ಟಗೆ ಓಡಿದ್ದು ನನಗೆ ನೆನಪಿಲ್ಲ. ಅದರ ಮೈಯಿಂದ ಎಣ್ಣೆ ಸೋರಿ ಕೆಳಗಿನ ಮಣ್ಣು ಕಪ್ಪಾಗಿದೆ. ಫ್ಯೂಜ್ ಜಾಗದಲ್ಲಿ ಯಾರೋ ಪುಣ್ಯಾತ್ಮರು ತಂತಿ ಸುತ್ತಿದ್ದಾರೆ.

ಅವ್ವನಿಗೆ ಎಂಬತ್ತು ದಾಟಿದೆ. ಒದ್ದೆ ಟವೆಲ್ ಹೊದ್ದು ಹೊಸ್ತಿಲ ಮೇಲೆ ಕೂತೇ ಬೆಳಗು ಮಾಡಿದಳು. ಮಗಳ ಪರೀಕ್ಷೆ ಇವತ್ತು. ಗಿರಣಿಗೆ ಕೊಟ್ಟ ಜೋಳ ಅರ್ಧ ಹಿಟ್ಟು, ಅರ್ಧ ಕಾಳಾಗಿ ಅಲ್ಲೇ ನಿಂತಿದೆ. ಇನ್ನು ರೊಟ್ಟಿ ಎಲ್ಲಿಂದ? ಲೈನ್‌ಮ್ಯಾನ್‌ಗೆ ಹನ್ನೊಂದು ಸಲ ಫೋನ್ ಮಾಡಿದೆ, ಸ್ವಿಚ್ಡ್ ಆಫ್. ಪಾಪ, ಅವರ ಮನೆಯಲ್ಲೂ ಚಾರ್ಜ್ ಮಾಡಲು ಕರೆಂಟು ಇರಲಿಲ್ಲವೇನೋ!

ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ, ಒಟ್ಟು 880. ಆ ಕರೆಂಟು ಗ್ರಿಡ್‌ಗೆ ಹೋಗಿ ದಕ್ಷಿಣದ ರಾಜ್ಯಗಳಿಗೆ ಹಂಚಿಕೆ ಆಗುತ್ತದೆ. ದೇಶದ ಒಟ್ಟು ಕರೆಂಟಿನಲ್ಲಿ ಅಣುವಿನ ಪಾಲು ನೂರಕ್ಕೆ ಸುಮಾರು ಮೂರೇ ಆದರೂ, ಬಿಸಿಲು ಇಳಿದ ಮೇಲೂ, ಗಾಳಿ ನಿಂತ ಮೇಲೂ ಅದು ಬರುತ್ತಲೇ ಇರುತ್ತದೆ. ಇದೆಲ್ಲ ನನಗೂ ಗೊತ್ತು. ಆದರೆ ಕಾಳಿ ನದಿ ದಂಡೆಯಿಂದ ಇಷ್ಟು ದೂರ ಬಂದ ಕರೆಂಟು ಕೊನೆಯ ಕಂಬದಲ್ಲೇ ಸತ್ತರೆ ನಮಗೇನು ಬಂತು? ಆ ಕಡೆ ರಾಯಚೂರಿನ ಶಕ್ತಿನಗರದಲ್ಲಿ ಕರೆಂಟಿಗಾಗಿ ವರ್ಷಗಟ್ಟಲೆ ಕಲ್ಲಿದ್ದಲು ಸುಡುತ್ತಾರೆ. ಈ ಕಡೆ ನಮ್ಮ ತಾಲ್ಲೂಕಿನ ಗೋಗಿಯಲ್ಲಿ ಅಣು ಕರೆಂಟಿಗೆ ಬೇಕಾದ ಯುರೇನಿಯಂ ಇದೆ ಎಂದು ನೆಲ ಕೊರೆದು ನೋಡಿದರು. ಕೊರೆಯುವುದಕ್ಕೆ ನಾವು ಬೇಕು, ಅಲ್ವಾ?

ಇದು ನಿನ್ನೆ ಮೊನ್ನೆಯ ಕಥೆಯಲ್ಲ. ಮೀಟರ್ ಹೆಸರು ಬದಲಿಸಲು ಹೋದ ವರ್ಷ ಆರು ಸಲ ಕಚೇರಿಗೆ ಅಲೆದೆ. ಐದು ಸಲ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’, ಆರನೇ ಸಲ ‘ವರ್ಗ ಆಗಿದ್ದಾರೆ’. ಬಿಲ್ ನಾಲ್ಕು ದಿನ ತಡವಾದರೆ ಮಾತ್ರ ಏಣಿ ಹಿಡಿದು ಮನೆ ಹುಡುಕಿಕೊಂಡು ಬರುತ್ತಾರೆ. ಆಗ ಯಾರಿಗೂ ಮೀಟಿಂಗ್ ಇರುವುದಿಲ್ಲ. ಚರಂಡಿಯದ್ದೂ ಇದೇ ಹಾಡು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ತೆಗೆದು ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟರು. ಬೋರ್ಡು ಬದಲಾಯಿತು, ಟಿ.ಸಿ. ಅದೇ.

ಸಂಬಂಧಪಟ್ಟವರು ಕೂಡಲೇ ಏನಾದರೂ ಮಾಡಬೇಕು. ಟಿ.ಸಿ. ಬದಲಿಸಲಿ, ಇಲ್ಲವೇ ಫೋನಾದರೂ ಎತ್ತಲಿ. ಎರಡೂ ಆಗದಿದ್ದರೆ ಒಂದು ರಾತ್ರಿ ನಮ್ಮ ಅವ್ವನ ಪಕ್ಕ ಆ ಹೊಸ್ತಿಲ ಮೇಲೆ ಬಂದು ಕೂರಲಿ. ಟವೆಲ್ ನಾವೇ ಒದ್ದೆ ಮಾಡಿ ಕೊಡುತ್ತೇವೆ.

– ರಾತ್ರಿಯಿಡೀ ನಿದ್ದೆಗೆಟ್ಟ ಗ್ರಾಹಕ, ಶಹಾಪುರ, ಯಾದಗಿರಿ ಜಿಲ್ಲೆ