ಬಚ್ಚಲೊಲೆಯ ಮುಂದೆ ಒಣಗಿದ ಕಥೆ

ಜುಲೈ ಮಳೆ. ತೀರ್ಥಹಳ್ಳಿ ಹತ್ತಿರದ ಶಾಲೆಯೊಂದರಲ್ಲಿ ಮಕ್ಕಳಿಗೆ ಕಥೆ ಓದಲು ಹೊರಟಿದ್ದೆ. ಬಸ್ ಇಳಿಯುವಷ್ಟರಲ್ಲಿ ಗಾಳಿಗೆ ಕೊಡೆ ಮಗುಚಿತು, ಬಟ್ಟೆಚೀಲ ನೆನೆದು ತೊಪ್ಪೆ. ಒಳಗೆ ಹೊಸ ಕಥೆಯ 22 ಹಾಳೆ, ಎಲ್ಲ ಇಂಕ್ ಪೆನ್ನಿನಲ್ಲಿ ಬರೆದದ್ದು. ನಕಲು ಇಲ್ಲ. (ಜೆರಾಕ್ಸ್ ಮಾಡಿಸು ಅಂತ ಮಗಳು ಹೇಳಿದ್ದಳು, ಬಿಡಿ.) ಇಂಗ್ಲಿಷ್ ಕವಿ ಬ್ರೌನಿಂಗನ ಇಲಿಗಳನ್ನು ಕುವೆಂಪು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಲ್ಲಿ ತುಂಗಾ ತೀರಕ್ಕೆ ಕರೆತಂದಿದ್ದರು. ನನ್ನ ಕಥೆಯ ಇಲಿಮರಿ ಅಲ್ಲೇ ಮುಳುಗುವುದರಲ್ಲಿತ್ತು.

ರಸ್ತೆ ಪಕ್ಕದ ಹೋಟ್ಲಿನ ಅಮ್ಮ ನೀವು. "ಒಳಗ್ ಬನ್ನಿ ಮಾರಾಯ್ರೆ" ಅಂದವರೇ ಹಿಂದಿನ ಬಚ್ಚಲಿಗೆ ಕರೆದೊಯ್ದಿರಿ. ಹಂಡೆ ಒಲೆ ಉರಿಯುತ್ತಿತ್ತು. ಮೇಲೆ ಹಗ್ಗ ಕಟ್ಟಿದಿರಿ. ಅಂಟಿಕೊಂಡ ಹಾಳೆಗಳನ್ನು ಒಂದೊಂದಾಗಿ, ದೋಸೆ ಎಬ್ಬಿಸುವ ಹಾಗೆ ಅಂಚಿನಿಂದ ಬಿಡಿಸಿದಿರಿ. ಸೆರಗಿನಲ್ಲಿ ಒತ್ತಿ, ಕ್ಲಿಪ್ ಹಾಕಿ ನೇತುಹಾಕಿದಿರಿ. ನಡುವೆ ಒಂದು ಹಾಳೆ ಓದಿ, "ಇಲಿಗೆ ಹೆಸ್ರೇ ಇಟ್ಟಿಲ್ವಲ್ಲ?" ಅಂತ ಕೇಳಿದಿರಿ. ನಾನು ಕಷಾಯ ಕುಡಿಯುತ್ತಾ ಸುಮ್ನೆ ಕೂತಿದ್ದೆ. ಕೈ ನಡುಕ ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ದುಡ್ಡು ಕೊಡಲು ಹೋದರೆ ಕಷಾಯದ್ದು ಮಾತ್ರ ತೆಗೆದುಕೊಂಡಿರಿ. ನಿಮ್ಮ ಹೆಸರು ಕೇಳಲು ಮರೆತೆ. ಮೂರು ಹಾಳೆಗೆ ಹೊಗೆ ವಾಸನೆ ಇನ್ನೂ ಇದೆ. ಇಲಿಮರಿಗೆ ಹೆಸರಿಟ್ಟೆ ಅಮ್ಮ, ಹಂಡೆರಾಯ ಅಂತ. ಥ್ಯಾಂಕ್ಸ್.